ಸೀಟಿನ ಮೇಲೆ ಅತ್ತೆ

"ಅತ್ತೆ, ಸ್ವಲ್ಪ ಈ ಬೈಕ್ ಮೇಲೆ ಹತ್ತಿ ಕೂತ್ಕೊಳ್ಳಿ."

ಗಂಡನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಅವಳು ಅಂಗಳದಲ್ಲಿ ಅವನ ಕ್ರೂಸರ್ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದಳು. ಹಿಂಚಕ್ರ ತಿರುಗಿಸಿದರೆ ಚೈನು ಸಡಿಲಾಗಿ ಕಟಕಟ ಎನ್ನುತ್ತಿತ್ತು. "ಯಾರು ನೋಡ್ಕೋತಾರೆ ಇದನ್ನ? ಮಾರಿಬಿಡು" ಎಂದು ಅತ್ತೆ ನಿನ್ನೆಯೇ ತೀರ್ಪು ಕೊಟ್ಟಿದ್ದರು. ಅವಳಿಗೆ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಮೇಲೆ ಭಾರ ಬಿದ್ದರೇ ಚೈನಿನ ನಿಜವಾದ ಬಿಗಿ ತಿಳಿಯುವುದು. ಇಷ್ಟು ದಿನ ಭಾರವಾಗಿ ಕೂರುವುದು ಅವಳ ಕೆಲಸ, ಸ್ಪ್ಯಾನರ್ ತಿರುಗಿಸುವುದು ಅವನದು.

"ನಾನೇನು ಮೂಟೆಯಾ?" ಎಂದು ಗೊಣಗುತ್ತಲೇ ಅತ್ತೆ ಹತ್ತಿದರು. ಅವಳು ಹಿಂಚಕ್ರದ ನಟ್ಟು ಸಡಿಲಿಸಿ, ಎರಡೂ ಬದಿಯ ತಿರುಪುಗಳನ್ನು ಸಮನಾಗಿ ತಿರುಗಿಸಿ, ಚೈನನ್ನು ಬೆರಳಿನಿಂದ ಎತ್ತಿ ನೋಡಿ, ನಟ್ಟು ಬಿಗಿದಳು. "ಆಯ್ತು, ಇಳೀರಿ." ಅತ್ತೆ ಇಳಿಯಲಿಲ್ಲ. ಅಗಲವಾದ ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದು, "ಇಷ್ಟು ಚೆನ್ನಾಗಿರತ್ತೆ ಅಂತ ಆ ಕಳ್ಳ ಒಂದಿನಾನೂ ಹೇಳಲಿಲ್ಲ ನೋಡು" ಎಂದು ಕಿಸಕ್ಕನೆ ನಕ್ಕರು. ಅವಳಿಗೂ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ಹಿಂದಕ್ಕೆ ಸರೀರಿ, ಹೋಗೋಣ."

ಬೀದಿ ತುದಿಯ ಗ್ಯಾರೇಜಿನವರೆಗೂ ಚೈನು ಚಕಾರವೆತ್ತಲಿಲ್ಲ. ಇಬ್ಬರನ್ನೂ ಕಂಡು ಮೆಕ್ಯಾನಿಕ್ ಬಾಯಿ ಬಿಟ್ಟು ನಿಂತ. ಚೈನು ಬಿಗಿಯಲೆಂದು ಗಂಡ ಅವನಿಂದ ಇಸಿದುಕೊಂಡಿದ್ದ ದೊಡ್ಡ ಸ್ಪ್ಯಾನರನ್ನು ಅವಳು ಒರೆಸಿ ಮುಂದೆ ಚಾಚಿದಳು.

"ಇರ್ಲಿ ಅಕ್ಕ, ನೀವೇ ಇಟ್ಕೊಳ್ಳಿ."

"ಬೇಡಪ್ಪ, ತಗೋ" ಎಂದರು ಹಿಂದಿನಿಂದ ಅತ್ತೆ. "ಇಟ್ಕೊಂಡ್ರೆ ಮುಂದಿನ ತಿಂಗಳು ಇಸ್ಕೊಳ್ಳೋ ನೆಪದಲ್ಲಿ ನಾವು ಮತ್ತೆ ಬೈಕಲ್ಲಿ ಬರೋದು ಹೇಗೆ?"