ಹೂವಿನ ಸೀರೆ, ಚೌಕಳಿ ಕುಪ್ಪಸ

“ಚಿಕ್ಕಿ!”

“ಇದ್ದೀನಿ ಅಯ್ಯಾ.”

ರೈಟರ್ ಗೋಪಿನಾಥ ಹಾಜರಿ ಪುಸ್ತಕದಲ್ಲಿ ಗುರುತು ಹಾಕಿದ. ಹೆಸರು ಕೂಗಿಸಿಕೊಂಡ ಮೇಲಿನ ಲೈನಿನ ಹೆಂಗಸರು ಬುಟ್ಟಿ ತರಲು ಸ್ಟೋರಿನ ಹಿಂದಕ್ಕೆ ಹೋದರು. ಚಿಕ್ಕಿ ಎಲ್ಲರಿಗಿಂತ ಮುಂದೆ ಓಡಿದಳು. ಬುಟ್ಟಿಯಲ್ಲಿ ಬಚ್ಚಿಟ್ಟಿದ್ದ ಅಕ್ಕನ ಹೂವಿನ ಸೀರೆಯನ್ನು ತನ್ನ ಚೌಕಳಿ ಸೀರೆಯ ಮೇಲೆಯೇ ಸುತ್ತಿ, ತಲೆವಸ್ತ್ರ ಬದಲಿಸಿಕೊಂಡು, ಇನ್ನೊಂದು ಬದಿಯಿಂದ ಬಂದು ಕೆಳಗಿನ ಲೈನಿನವರ ನಡುವೆ ನಿಂತಳು.

ಪಾಲಿಬೆಟ್ಟದ ಆ ಕಾಫಿ ಎಸ್ಟೇಟಿಗೆ ಹೊಸದಾಗಿ ಬಂದ ಬಿಳಿಯ ದೊರೆಗೆ ಆಳುಗಳ ಮುಖವೆಲ್ಲ ಒಂದೇ ಥರ ಕಾಣುತ್ತಿತ್ತು. ಅದಕ್ಕೇ ಅವರ ಸಾಲುಮನೆಗಳಲ್ಲಿ ಮೇಲಿನ ಲೈನಿಗೆ ಚೌಕಳಿ ಬಟ್ಟೆ, ಕೆಳಗಿನ ಲೈನಿಗೆ ಹೂವಿನ ಬಟ್ಟೆ ಹಂಚಿಸಿದ್ದ. ಸೀರೆ, ಕುಪ್ಪಸ, ತಲೆವಸ್ತ್ರ ಮೂರೂ ಒಂದೇ ಬಗೆಯವಿರಬೇಕು, ಬೆರೆಸಕೂಡದು. ಕೆಳಗಿನ ಲೈನಿನಲ್ಲಿದ್ದ ಚಿಕ್ಕಿಯ ಅಕ್ಕ ಮುತ್ತಿ ಎರಡು ದಿನದಿಂದ ರಜೆ ಬೇಡುತ್ತಿದ್ದಳು. ಹಣ್ಣಿನ ಕುಯ್ಲು ಮುಗಿಯುವವರೆಗೆ ಇಲ್ಲ ಎಂದಿದ್ದ ದೊರೆ. ಇವತ್ತು ಬೆಳಕು ಹರಿಯುವಾಗ ಅವಳು ಜ್ವರದಲ್ಲಿ ಬೇಯುತ್ತಿದ್ದ ಮೂರು ತಿಂಗಳ ಕೂಸನ್ನು ಎದೆಗೆ ಕಟ್ಟಿಕೊಂಡು ವಿರಾಜಪೇಟೆಯ ಆಸ್ಪತ್ರೆಗೆ ಹೊರಟುಬಿಟ್ಟಿದ್ದಳು. ಎಣಿಕೆಯಲ್ಲಿ ಒಬ್ಬಳು ಕಡಿಮೆ ಬಂದರೆ ಜವಾನ ಕುದುರೆ ಏರಿ ಹೋಗಿ ಅರ್ಧ ದಾರಿಯಿಂದಲೇ ಎಳೆದು ತರುತ್ತಿದ್ದ.

“ಮುತ್ತಿ!”

“ಇದ್ದೀನಿ ಅಯ್ಯಾ.” ಚಿಕ್ಕಿ ದನಿ ದಪ್ಪ ಮಾಡಿದಳು.

ಗೋಪಿನಾಥನ ಪೆನ್ಸಿಲು ನಿಂತಿತು. ತಲೆಯೆತ್ತಿದ. ಅಷ್ಟರಲ್ಲಿ ದೊರೆಯ ಬೆತ್ತದ ತುದಿ ಚಿಕ್ಕಿಯ ತೋಳನ್ನು ಮುಟ್ಟಿತ್ತು.

“ಸೀರೆ ಹೂವು. ಕುಪ್ಪಸ ಚೌಕಳಿ. ನೀನು ಯಾವ ಲೈನು?”

ಚಿಕ್ಕಿ ಸೆರಗನ್ನು ಕುಪ್ಪಸದ ಮೇಲೆ ಎಳೆದುಕೊಂಡಳು. ಬುಟ್ಟಿ ಹಿಡಿದು ಮರಳುತ್ತಿದ್ದ ಮೇಲಿನ ಲೈನಿನವರು ಅಲ್ಲಲ್ಲೇ ನಿಂತರು.

ಕೆಳಗಿನ ಲೈನಿನ ಮುದುಕಿ ದೊಡ್ಡಿ ಮುಂದೆ ಬಂದಳು. “ನಮ್ಮ ಲೈನಿನವಳೇ ದೊರೆ. ಕುಪ್ಪಸ ಹರಿದೋಗಿತ್ತು, ಇಸ್ಕೊಂಡವಳೆ. ಈ ಚಳೀಲಿ ಒಬ್ಬರದು ಒಬ್ಬರು ಹಾಕ್ಕೊಳ್ಳೋದೇ.” ಹೇಳುತ್ತಲೇ ತನ್ನ ಹೂವಿನ ತಲೆವಸ್ತ್ರ ಬಿಚ್ಚಿ ಮೇಲಿನ ಲೈನಿನ ಯಮುನಳ ಕೈಗಿಟ್ಟು, ಅವಳ ಚೌಕಳಿ ವಸ್ತ್ರವನ್ನು ತಾನು ಕಟ್ಟಿಕೊಂಡಳು. ಪಕ್ಕದವಳೂ ಬಿಚ್ಚಿದಳು. ಆಮೇಲೆ ಅವಳ ಹಿಂದಿನವಳು. ನೋಡುನೋಡುತ್ತಿದ್ದಂತೆ ಕಾಫಿ ಒಣಗಿಸುವ ಕಣದ ತುಂಬ ಹೂವೂ ಚೌಕಳಿಯೂ ಕಲಸಿಹೋದವು.

ದೊರೆಯ ಮುಖ ಕೆಂಪೇರಿತು. “ರೈಟರ್! ನಿನಗೆ ಮುಖ ಗೊತ್ತು. ಇವಳ ಹೆಸರು ಹೇಳು.”

ಗೋಪಿನಾಥನಿಗೆ ಗೊತ್ತಿತ್ತು. ಸುಳ್ಳು ಬಯಲಾದರೆ ಸಂಜೆಯೊಳಗೆ ತಾನೂ ಹೆಂಡತಿ ಮಕ್ಕಳೂ ರಸ್ತೆಯಲ್ಲಿರುತ್ತೇವೆ ಎನ್ನುವುದೂ ಗೊತ್ತಿತ್ತು. ಪುಸ್ತಕದಿಂದ ಕಣ್ಣೆತ್ತದೆ ಹೇಳಿದ:

“ಮುತ್ತಿ, ಸಾರ್. ಎಣಿಕೆ ಸರಿಯಿದೆ.”

ಬಟ್ಟೆ ಬೆರೆಸಿದ್ದಕ್ಕೆ ಆ ದಿನ ಯಾರಿಗೂ ಮಧ್ಯಾಹ್ನದ ಬಿಡುವು ಸಿಗಲಿಲ್ಲ. ಕುದುರೆ ಮಾತ್ರ ಲಾಯದಲ್ಲೇ ಉಳಿಯಿತು. ಆಮೇಲಿನ ಎರಡು ದಿನವೂ ಚಿಕ್ಕಿ ಎರಡು ಹೆಸರಿಗೂ ಓಗೊಟ್ಟಳು.

ನಾಲ್ಕನೆಯ ಬೆಳಿಗ್ಗೆ ಮುತ್ತಿ ತಾನೇ ಬಂದು ಸಾಲಿನಲ್ಲಿ ನಿಂತಳು. ಕೂಸು ಆಸ್ಪತ್ರೆಯಲ್ಲಿ ತೀರಿಕೊಂಡಿತ್ತು. ಅಳುವ ಹಾಗಿರಲಿಲ್ಲ, ಪುಸ್ತಕದ ಪ್ರಕಾರ ಅವಳು ಎಲ್ಲಿಗೂ ಹೋಗಿರಲಿಲ್ಲ. ದೊರೆ ಅವಳೆದುರು ನಿಂತು ಸೀರೆ ನೋಡಿದ, ಕುಪ್ಪಸ ನೋಡಿದ. ಎಲ್ಲ ಹೂವಿನದೇ.

“ಗುಡ್,” ಎಂದು ಮುಂದೆ ನಡೆದ.

ಮುತ್ತಿಯ ಕುಪ್ಪಸ ಎದೆಹಾಲಿಗೆ ನೆನೆಯುತ್ತಿತ್ತು.