ಕೇಳಿಸದಿದ್ದರೂ ಒತ್ತಿದ ಬಟನ್

ಭಾನುವಾರ. ಖಾಲಿ ಅಂಗನವಾಡಿ ಕೋಣೆ. ನಾನು ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಕಿವಿ ಪರೀಕ್ಷೆಯ ಹೆಡ್‌ಫೋನ್ ಒರೆಸುತ್ತಿದ್ದೆ.

ಒಬ್ಬರು ಎದ್ದರೆ ಒರೆಸುವುದು... ಇನ್ನೊಬ್ಬರು ಕೂತರೆ ಕೊಡುವುದು. ಒಂದು ಮಾತೂ ಆಡುವಂತಿರಲಿಲ್ಲ.

ಆ ಕೆಲಸಕ್ಕೆ ನನ್ನನ್ನು ಆರಿಸಿದ್ದು ತನುಜಾ ಮೇಡಂ. "ನೀ ಮಾತಾಡೂದು ಕಡಿಮಿ, ನೋಡೂದು ಜಾಸ್ತಿ," ಎಂದಿದ್ದರು.

ಮೇಡಂ ಮೊದಲು ನಮ್ಮ ಕಾರ್ಖಾನೆಯಲ್ಲೇ ಇಂಜಿನಿಯರ್. ಹುಬ್ಬಳ್ಳಿ ಹತ್ತಿರ ನಾವು ಸ್ಟೀಲ್ ಡಬ್ಬಿ ಮಾಡುತ್ತೇವೆ. ದಿನಕ್ಕೆ ಎಂಟು ತಾಸು ಪ್ರೆಸ್ ಮಷೀನಿನ ಸದ್ದು.

ಒಮ್ಮೆ ನನ್ನ ಪಕ್ಕದ ಮಷೀನಿನ ಫಕೀರವ್ವಕ್ಕನ ಹಿಂದಿನಿಂದ ತುಂಬಿದ ಟ್ರಾಲಿ ಉರುಳಿ ಬಂತು. ಮೇಡಂ ಮೂರು ಸಲ ಕೂಗಿದರು... ಅಕ್ಕ ತಿರುಗಲೇ ಇಲ್ಲ. ಪಾದದ ಎಲುಬು ಮುರಿಯಿತು.

ಮೇಡಂ ಅಂದೇ ಮಾಲೀಕರ ಬಳಿ ಹೋದರು. "ಸರ್, ಇವರ ಕಿವಿ ಹೋಗಾಕತ್ತಾವ್ರಿ."

"ಪುರಾವೆ ಐತೇನ್ರಿ?" ಮಾಲೀಕರು ನಕ್ಕರು.

ಆರು ತಿಂಗಳಲ್ಲಿ ಮೇಡಂ ಕೆಲಸ ಬಿಟ್ಟರು. ನಮ್ಮ ಕಿವಿಗಳ ಬಗ್ಗೆಯೇ ಪಿಎಚ್‌ಡಿ ಮಾಡಲು ಯೂನಿವರ್ಸಿಟಿ ಸೇರಿದರು.

ಊಟದ ಹೊತ್ತಿನಲ್ಲಿ ನಮಗೆ ಅದೇ ತಮಾಷೆ...

"ಏ ಹುಡುಗಿ, ನೀ ಎಂಟನೇತ್ತಕ್ಕ ಸಾಲಿ ಬಿಟ್ಟಿ. ಅಕಿ ನೋಡಿದ್ರ ಮೂವತ್ತಕ್ಕ ಸಾಲಿ ಸೇರ್ಯಾಳ! ಪಾಟಿಚೀಲ ಕೊಡಸ್ರೆವಾ ಯಾರರ," ಎಂದಳು ಫಕೀರವ್ವಕ್ಕ.

ಎಲ್ಲರೂ ನಕ್ಕರು. ನಾನೂ ನಕ್ಕೆ.

ಎರಡು ವರ್ಷದ ಮೇಲೆ ಮೇಡಂ ಒಂದು ಮಷೀನ್ ಹಿಡಿದು ಬಂದರು. ಹೆಡ್‌ಫೋನಿನಲ್ಲಿ ಸಣ್ಣ ಸದ್ದು ಕೇಳಿದ ಕೂಡಲೇ ಬಟನ್ ಒತ್ತಬೇಕು... ಅಷ್ಟೇ ಪರೀಕ್ಷೆ.

ಆದರೆ ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಕಿವಿ ಕೇಳದವರನ್ನು ಕೆಲಸದಿಂದ ತೆಗೆಯುತ್ತಾರಂತೆ!

ಮೊದಲು ಕೂತವಳು ನಾನು. ಬಲಗಿವಿಯಲ್ಲಿ ಏನೂ ಕೇಳಿಸಲಿಲ್ಲ. ಆಗ ನೋಡಿದೆ. ಪ್ರತಿ ಸದ್ದು ಬಿಡುವಾಗಲೂ ಮಷೀನಿನ ಮೇಲೆ ಮೇಡಂ ಹೆಬ್ಬೆರಳು ಒಂಚೂರು ಅಲುಗುತ್ತಿತ್ತು.

ಅದನ್ನು ನೋಡುತ್ತಾ ಒತ್ತಿದೆ.

ಹೊರಗೆ ಫಕೀರವ್ವಕ್ಕ ನನ್ನ ಕೈ ಹಿಡಿದುಕೊಂಡಳು. "ಏನರ ಮಾಡವಾ. ಈ ವಯಸ್ಸಿನ್ಯಾಗ ನನಗ ಯಾರ್ ಕೆಲಸಾ ಕೊಡ್ತಾರ?"

"ಮೇಡಂ ಹೆಬ್ಬಟ್ಟ ನೋಡ್ರಿ. ಅಲುಗಿದ ಕೂಡ್ಲೆ ಒತ್ರಿ," ಎಂದೆ.

ಆ ಮಾತು ಒಬ್ಬರಿಂದ ಒಬ್ಬರಿಗೆ ದಾಟಿತು. ನಾಲ್ಕು ಭಾನುವಾರ... ನನ್ನನ್ನೂ ಸೇರಿಸಿ ಮೂವತ್ತೆಂಟು ಹೆಂಗಸರು... ಎಲ್ಲರೂ ಪಾಸ್! ಎಲ್ಲರಿಗಿಂತ ಚೆನ್ನಾಗಿ ಕೇಳಿಸಿದ್ದು ಫಕೀರವ್ವಕ್ಕನಿಗೆ.

ಹೋದ ವಾರ ಮೇಡಂ ಮತ್ತೆ ಬಂದರು. ಮುಖ ಬಾಡಿತ್ತು.

"ಗೈಡ್ ಸರ್ ಬ್ಯಾರೆ ವಿಷಯ ತಗೋ ಅಂದಾರವಾ. ಕಿವಿ ಚಲೋ ಇದ್ರ ಬರಿಯೂದೇನೈತಿ ಅಂತಾರ. ತಿಂಗಳ ಕೊನಿ ಒಳಗ ಅರ್ಜಿ ಕೊಡಬೇಕು."

ಮೇಡಂ ನನ್ನ ಪಕ್ಕ ಬಂದು ಕೂತರು.

"ಮಷೀನ್ ಎರಡ್ ಸಲ ಚೆಕ್ ಮಾಡ್ಸಿದೆ, ಸರಿ ಐತಿ. ತಪ್ಪು ನಂದ ಇರಬೇಕು. ನೀ ಬಾಜೂಕ ಇದ್ದಿ... ನಾ ಏನರ ತಪ್ಪ್ ಮಾಡಿದ್ದು ನೋಡಿಯೇನ?"



ನಾನು ಬಾಯಿ ಬಿಟ್ಟರೆ ಅವರ ಓದು ಉಳಿಯುತ್ತಿತ್ತು. ಫಕೀರವ್ವಕ್ಕನ ಕೆಲಸ...? ನನ್ನ ಕೆಲಸ...?

"ಇಲ್ರೀ ಮೇಡಂ," ಎಂದೆ.

ಅವರು ನನ್ನ ತಲೆ ಸವರಿದರು. "ಇರ್ಲಿ ಬಿಡು. ನಿಮ್ಮ ಕಿವಿ ಖರೇನ ಚಲೋ ಇದ್ರ, ನಾ ಸೋತ್ರೂ ನನಗ ಖುಷಿನ," ಎಂದರು... ಕಣ್ಣು ಒರೆಸಿಕೊಂಡು ಬಸ್ಸಿಗೆ ನಡೆದರು.

ನಾನು ನಿಂತಲ್ಲೇ ನಿಂತಿದ್ದೆ. ಕರೆಯಬೇಕಿತ್ತು... ಕರೆಯಲಿಲ್ಲ. ಅವತ್ತಿನಿಂದ ಕನ್ನಡಿ ನೋಡಲೂ ನಾಚಿಕೆ.

ನಮಗಾಗಿ ಎಲ್ಲವನ್ನೂ ಬಿಟ್ಟು ಬಂದವರಿಗೆ ನಾವು ಕೊಡಬೇಕಾದದ್ದು ಒಂದೇ... ನಿಜ.

ನಿಮಗಾಗಿ ಯಾರಾದರೂ ಹೀಗೆ ಹೊರಟಿದ್ದಾರೆಯೇ? ಅವರಿಗೆ ನೀವು ಏನು ಹೇಳಿ ಕಳಿಸಿದಿರಿ?

ಇದನ್ನು ನಿನ್ನೆಯೇ ನಮ್ಮ ಕಾರ್ಖಾನೆ ಹೆಂಗಸರ ಗ್ರೂಪಿಗೆ ಹಾಕಿದ್ದೇನೆ. ಮೂವತ್ತೇಳು ಜನವೂ ನೋಡಿಯಾಗಿದೆ... ಇನ್ನೂ ಒಂದು ಉತ್ತರವೂ ಬಂದಿಲ್ಲ. ಕೊನೆಯಲ್ಲಿ ಕೇಳಿದ್ದು ಇಷ್ಟೇ:

"ಬರೋ ಐತಾರ ಮೇಡಂ ಹತ್ರ ಖರೇ ಹೇಳಾಕ ಹೊಂಟೇನಿ. ಯಾರರ ಒಬ್ರು ನನ್ನ ಜೋಡಿ ಬರ್ರಿ."