ಬೆಚ್ಚಿಬೀಳುವ ಪರೀಕ್ಷೆ

ಎಲ್ಲರೂ ಮಾಕ್, ಅಂದರೆ ಅಮ್ಮ, ಎಂದು ಕರೆಯುವ ಮುದುಕಿ ಸೆನಾಳ ಕಣ್ಣಿನ ಕೆಳಗೊಂದು, ಅಂಗೈಗೊಂದು ತಂತಿ ಅಂಟಿಸಿ ಪ್ರಯೋಗಾಲಯದ ಹುಡುಗಿ ಹಸ್ಲಿಂದಾ ನಕ್ಕಳು. "ದಢಾರ್ ಅಂತ ಸದ್ದು ಬರುತ್ತೆ, ಮಾಕ್. ನೀವು ಎಷ್ಟು ಬೆಚ್ಚಿಬೀಳ್ತೀರಿ, ಆಮೇಲೆ ಎಷ್ಟು ಬೇಗ ಸುಧಾರಿಸ್ಕೋತೀರಿ, ಅಷ್ಟೇ ನೋಡೋದು. ಬಾಯಿ ಏನೇ ಅನ್ಲಿ, ಈ ಯಂತ್ರ ಸುಳ್ಳು ಹೇಳಲ್ಲ."

ಸೆನಾಳಿಗೆ ಬೇಡವಾಗಿದ್ದದ್ದೇ ಅದು. ಮುವಾರ್ ಕಡೆಯ ಅವಳ ಹಳ್ಳಿಯಲ್ಲಿ ಅವಳಿಗೆ ಲಾತಾ ಎಂಬ ಬೆಚ್ಚುವ ಜಾಡ್ಯ ಇದೆಯೆಂದು ಮಕ್ಕಳಿಗೂ ಗೊತ್ತು. ಒಂದು ತಟ್ಟೆ ಬಿದ್ದರೆ ಸಾಕು, ಬೆಚ್ಚಿ ಬಾಯಿಗೆ ಬಂದದ್ದನ್ನು ಆಡಿಬಿಡುತ್ತಾಳೆ. ಲಾತಾ ಇರುವವರ ಮಾತಿಗೆ ಯಾರೂ ಸಿಟ್ಟಾಗುವಂತಿಲ್ಲ, ನಕ್ಕು ಸುಮ್ಮನಾಗಬೇಕು. ಗಂಡ ಸತ್ತ ಹೊಸತರಲ್ಲಿ ಅವಳು ಒಮ್ಮೆ ನಿಜವಾಗಿಯೂ ಬೆಚ್ಚಿ, ಆಸ್ತಿಗೆ ಹೊಂಚುಹಾಕುತ್ತಿದ್ದ ಮೈದುನನ ಜನ್ಮ ಜಾಲಾಡಿದ್ದಳು. ಯಾರೂ ಏಕೆಂದು ಕೇಳಲಿಲ್ಲ. ಎಷ್ಟು ಹಾಯೆನಿಸಿತ್ತು! ಅಂದಿನಿಂದ ಬೇಕೆಂದಾಗ ಬೆಚ್ಚುವ ಕೆಲಸವನ್ನು ಅವಳು ತಾನೇ ವಹಿಸಿಕೊಂಡಿದ್ದಳು.

ಎಡವಟ್ಟಾದದ್ದು ಈಚಿನ ಮದುವೆಯೊಂದರಲ್ಲಿ. ಯಾರೋ ಸೌಟು ಬೀಳಿಸಿದರು. ಸೆನಾ ಹಾರಿಬಿದ್ದು, "ಅಯ್ಯಯ್ಯೋ, ಶಾಲೆ ಮರದ ಡುರಿಯನ್ ಹಣ್ಣು! ಯಾರ ಕಾರಲ್ಲಿ? ಮುಖಂಡರ ಕಾರಲ್ಲಿ!" ಎಂದು ಕೂಗಿದಳು. ಇಡೀ ಚಪ್ಪರ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಊರ ಮುಖಂಡ ಹಾಜಿ ಬಿದಿನ್ ಮಾತ್ರ ನಗಲಿಲ್ಲ. ವಿಶ್ವವಿದ್ಯಾಲಯದಲ್ಲಿ ಇಂಥ ಯಂತ್ರವಿದೆಯೆಂದು ಪತ್ತೆಹಚ್ಚಿ, ಅವಳನ್ನು ಅದೇ ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದ. ಹಣ್ಣಿನ ವಾಸನೆ ಅದರೊಳಗೆ ಇನ್ನೂ ಗಮ್ಮೆನ್ನುತ್ತಿತ್ತು. ಲಾತಾ ಬರೀ ನಾಟಕವೆಂದು ಗೊತ್ತಾದರೆ ಊರ ಮುಂದೆ ಅವಳು ಕ್ಷಮೆ ಕೇಳಬೇಕು, ಮತ್ತೆಂದೂ ಮದುವೆಯ ಅಡುಗೆಗೆ ಕಾಲಿಡಬಾರದು ಎಂದು ದಾರಿಯುದ್ದಕ್ಕೂ ಹೇಳಿದ್ದ. ಬಾಯಿಯೂ ಹೋಗಿ ಅಡುಗೆಯೂ ಹೋದರೆ ತಾನು ಇದ್ದೇನು ಪ್ರಯೋಜನ ಎಂದು ಸೆನಾಳಿಗೆ ಅಳುವೇ ಬಂದಿತ್ತು.

ಮುಖಂಡ ಗಾಜಿನ ಆಚೆ ಕೂತ. ಹಸ್ಲಿಂದಾ ಗುಂಡಿ ಒತ್ತಿದಳು.

ದಢಾರ್!

"ಅಯ್ಯಯ್ಯೋ ಕೋತಿ ಕುಂಡೆ!" ಸೆನಾ ಕುರ್ಚಿಯಿಂದ ಗೇಣುದ್ದ ಹಾರಿದಳು. ಪರದೆಯ ಮೇಲಿನ ಗೆರೆ ಮಲಗಿದಲ್ಲಿಂದ ಏಳಲಿಲ್ಲ. ಹುಡುಗಿ ತಂತಿಗಳನ್ನು ಒತ್ತಿ ನೋಡಿ, ಮತ್ತೆ ಗುಂಡಿ ಒತ್ತಿದಳು. ದಢಾರ್! "ಬಿದಿನ್ ಹೊಟ್ಟೆ, ಹಲಸಿನ ಹೊಟ್ಟೆ!" ಗಾಜಿನ ಆಚೆ ಬಿದಿನ್‌ನ ಟೋಪಿ ಜಾರಿ ಮೂಗಿನ ಮೇಲೆ ಬಂತು. ಗೆರೆ ಹಾಗೆಯೇ ಬಿದ್ದುಕೊಂಡಿತ್ತು.

ಹಸ್ಲಿಂದಾ ಕಿವಿಯ ಹತ್ತಿರ ಬಗ್ಗಿದಳು. "ಮಾಕ್, ಸದ್ದು ನಿಮ್ಮ ಬಾಯಿಗೆ ಕೇಳಿಸ್ತು. ಮೈಗೆ ಕೇಳಿಸ್ಲೇ ಇಲ್ವಲ್ಲ?"

"ವಯಸ್ಸಾಯ್ತಲ್ಲ ಮಗಳೇ, ಮೈ ಸ್ವಲ್ಪ ನಿಧಾನ."

"ಸಾಕು ಬಿಡಿ. ಇಷ್ಟು ಗಟ್ಟಿ ಗುಂಡಿಗೆ ನಾನು ಇಲ್ಲಿ ಯಾರದ್ದೂ ಕಂಡಿಲ್ಲ."

"ಅವನಿಗೆ ಹೇಳ್ಬಿಡ್ತೀಯಾ?"

ಉತ್ತರ ಬರುವ ಮೊದಲೇ ಮುಖಂಡ ಒಳಗೆ ನುಗ್ಗಿದ. "ಏನಂತೆ? ನಿಜವೋ, ನಾಟಕವೋ?"

ಈ ಸಲ ಬೆಚ್ಚಿದ್ದು ಸೆನಾಳ ಬಾಯಲ್ಲ, ಮೈ. ಗೆರೆ, ತೆಂಗಿನಕಾಯಿ ಕೀಳಲು ಬಿಟ್ಟ ಕೋತಿಯ ಹಾಗೆ ಸರಸರನೆ ಮೇಲೇರಿ ಪರದೆಯ ಅಂಚು ಮುಟ್ಟಿತು. ಹಸ್ಲಿಂದಾ ಅದನ್ನು ನೋಡಿದಳು, ಮುಖಂಡನನ್ನು ನೋಡಿದಳು, ಪರದೆಯನ್ನು ಅವನ ಕಡೆಗೆ ತಿರುಗಿಸಿದಳು.

"ನೀವೇ ನೋಡಿ, ಪಾಕ್ ಹಾಜಿ. ಮೈ ಹೆಂಗೆ ಬೆದರಿದೆ ಅಂತ."

ಅವಳ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮುಖಂಡ ಗೆರೆಯನ್ನು ಕೆಳಗಿಂದ ಮೇಲಿನವರೆಗೆ ದಿಟ್ಟಿಸಿದ. "ಹಾಗಾದ್ರೆ ಆ ಡುರಿಯನ್ ಮಾತಿಗೆ ನಾನೇನು ಮಾಡ್ಲಿ?"

"ಎಲ್ಲರ ಜೊತೆ ನಗಿ," ಎಂದಳು ಹಸ್ಲಿಂದಾ.

ಅವನು ನಗಲು ಪ್ರಯತ್ನಪಟ್ಟ. ನಗು ಬಾರದೆ, ಕಾರು ತರುತ್ತೇನೆಂದು ಹೊರಟುಹೋದ.

ಹುಡುಗಿ ತಂತಿಗಳನ್ನು ಬಿಡಿಸಿ ಡಬ್ಬಿಗೆ ಹಾಕಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ನಮ್ಮ ಪ್ರೊಫೆಸರ್ ನಾನು ಮಾಡಿದ ಸಂಶೋಧನೇನ ತಮ್ಮ ಹೆಸರಲ್ಲಿ ಅಚ್ಚು ಹಾಕಿಸ್ಕೊಂಡ್ರು, ಮಾಕ್. ಎದುರಿಗೆ ಸಿಕ್ಕಾಗೆಲ್ಲ ನಾನು ನಗ್‌ನಗ್ತಾ ಸಲಾಂ ಹೇಳ್ತೀನಿ. ಮನೆಗೆ ಹೋಗಿ ಅಳ್ತೀನಿ," ಎಂದಳು.

ಸೆನಾ ಅವಳ ಹತ್ತಿರ ಬಗ್ಗಿದಳು. "ಅಳೋದ್ಯಾಕೆ? ಕೈಲಿರೋದನ್ನ ಕೆಳಗೆ ಬೀಳಿಸು. ಚೆನ್ನಾಗಿ ಹಾರು. ಮಾತು ತಾನಾಗೇ ಬರುತ್ತೆ."

ಅಷ್ಟರಲ್ಲಿ ಬಾಗಿಲು ಧಡಕ್ಕೆಂದು ತೆರೆಯಿತು. ಪ್ರೊಫೆಸರರೇ! ಹಿಂದೆ ಕೋಟು ತೊಟ್ಟ ಇಬ್ಬರು ಅತಿಥಿಗಳು. ಹಸ್ಲಿಂದಾಳ ಕೈಯಲ್ಲಿದ್ದ ಡಬ್ಬಿ ಠಣ್ಣನೆ ನೆಲಕ್ಕೆ ಬಿತ್ತು. ಅವಳು ಹಾರಿದಳು.

"ಅಯ್ಯಯ್ಯೋ ಕಳ್ಳ ಕಳ್ಳ! ದುಡಿದೋಳು ನಾನು, ಹೆಸರು ಇವರ್ದು!"

ಅತಿಥಿಗಳು ಪ್ರೊಫೆಸರರ ಮುಖ ನೋಡಿದರು. ಪ್ರೊಫೆಸರರ ಮುಖ ಕೆಂಪಾಯಿತು. ಸೆನಾ ನಿಧಾನವಾಗಿ ಎದ್ದು, ಹುಡುಗಿಯ ಬೆನ್ನು ಸವರುತ್ತ ಅವರ ಕಡೆ ತಿರುಗಿದಳು.

"ಬೈಬೇಡಿ ತುವಾನ್, ಪಾಪ, ನನ್ನ ಲಾತಾ ಅಂಟ್ಕೊಂಡಿದೆ. ಇನ್ನೂ ಈಗ ತಾನೇ ಶುರು, ಬರ್ತಾ ಬರ್ತಾ ಜಾಸ್ತಿ ಆಗುತ್ತೆ."